ದಿವಂಗತರ ಕೈಗುರುತು

ವಿರೂಪಾಕ್ಷಪ್ಪ ಅಣ್ಣಿಗೇರಿಯವರು ತೀರಿಕೊಂಡ ನಲವತ್ತೊಂದನೆಯ ದಿನ ಬೆಳಿಗ್ಗೆ ಹುಬ್ಬಳ್ಳಿಯ ತಮ್ಮ ಮನೆಯಿಂದ ಧಾರವಾಡದವರೆಗೆ ಕಾರು ಓಡಿಸಿಕೊಂಡು ಹೋಗಿ, ಮಧ್ಯಾಹ್ನದ ಊಟದ ಹೊತ್ತಿಗೆ ವಾಪಸು ಬಂದರು. ವೇಗದ ಮಿತಿಯನ್ನು ಎಲ್ಲೂ ಮೀರಲಿಲ್ಲ. ತಪ್ಪು ದಿಕ್ಕಿನಲ್ಲಿ ನುಗ್ಗಲಿಲ್ಲ. ಓಡಿದಷ್ಟು ಕಿಲೋಮೀಟರಿಗೆ ತೆರಿಗೆಯೂ ಅವರ ಹೆಸರಿನಲ್ಲೇ ಜಮೆಯಾಯಿತು. ಬದುಕಿದ್ದವರೇ ಕಟ್ಟಲು ಗೊಣಗುವ ತೆರಿಗೆಯನ್ನು ಸತ್ತ ಮೇಲೂ ಇಷ್ಟು ನಿಯತ್ತಿನಿಂದ ಕಟ್ಟುವ ನಾಗರಿಕರು ನಮ್ಮ ರಾಜ್ಯದಲ್ಲಿ ಇನ್ನೊಬ್ಬರು ಇರಲಿಲ್ಲ.

ಅದನ್ನು ಮೊದಲು ಕಂಡವಳು ನಮ್ಮ ಓಡಾಟ ತೆರಿಗೆ ಕೇಂದ್ರದ ಆಪರೇಟರ್ ರೇಷ್ಮಾ ಮುಲ್ಲಾ. ತಿಂಗಳಿಗೊಮ್ಮೆ ಬರುವ ಜನನ ಮರಣದ ಪಟ್ಟಿ ಅವತ್ತು ಬೆಳಿಗ್ಗೆ ನಮ್ಮ ಕಂಪ್ಯೂಟರುಗಳಿಗೆ ಬಂದು ಸೇರಿತ್ತು. ದೊಡ್ಡ ಪರದೆಯ ಮೇಲೆ ಹುಬ್ಬಳ್ಳಿ-ಧಾರವಾಡದ ಸಾವಿರಾರು ಹಸಿರು ಚುಕ್ಕೆಗಳ ನಡುವೆ ಒಂದು ಚುಕ್ಕೆ ಇದ್ದಕ್ಕಿದ್ದಂತೆ ಬೂದು ಬಣ್ಣಕ್ಕೆ ತಿರುಗಿತು. ಆದರೂ ಅದು ಓಡುತ್ತಲೇ ಇತ್ತು.

"ಕಮ್ಮಾರ ಸರ್, ಇಲ್ಲೊಂಚೂರು ಬರ್ರಿ" ಎಂದು ಕೂಗಿದಳು. "ಈ ಮನಷ್ಯಾ ಸತ್ತು ತಿಂಗಳ ಮ್ಯಾಲಾಗೇತಿ. ಈಗ ನವಲೂರ ದಾಟಿ ಹೊಂಟಾನ ನೋಡ್ರಿ."

ನಾನು ನಕ್ಕೆ. ಯಂತ್ರ ತಪ್ಪು ಮಾಡಿದಾಗಲೆಲ್ಲ ನಗುವುದು ನನ್ನ ಅಭ್ಯಾಸ, ಏಕೆಂದರೆ ಆ ಯಂತ್ರದ ನಿಯಮಗಳನ್ನು ಬರೆದ ಐವರಲ್ಲಿ ನಾನೂ ಒಬ್ಬ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿಂದಿನದನ್ನು ಹೇಳುತ್ತೇನೆ. ಎಲೆಕ್ಟ್ರಿಕ್ ಕಾರುಗಳು ಹೊಸದಾಗಿ ಬಂದಾಗ ಸರ್ಕಾರ ರಸ್ತೆ ತೆರಿಗೆ ಮಾಫಿ, ನೋಂದಣಿ ಶುಲ್ಕ ಮಾಫಿ ಎಂದು ಬನ್ನಿ ಬನ್ನಿ ಅಂತ ಕರೆಯಿತು. ಎಲ್ಲರೂ ಬಂದರು. ಪೆಟ್ರೋಲ್ ಬಂಕುಗಳು ಒಂದೊಂದಾಗಿ ಕಲ್ಯಾಣ ಮಂಟಪಗಳಾದವು. ಲೀಟರಿನ ಮೇಲೆ ಬರುತ್ತಿದ್ದ ತೆರಿಗೆ ನಿಂತುಹೋಗಿ ರಸ್ತೆಯ ಗುಂಡಿ ಮುಚ್ಚಲೂ ಕಾಸಿಲ್ಲದಂತಾದಾಗ, ಓಡಿದ ಪ್ರತಿ ಕಿಲೋಮೀಟರಿಗೂ ತೆರಿಗೆ ಎಂಬ ಕಾನೂನು ಬಂತು. ಮಾಲೀಕ ತಾನೇ ಓಡಿಸಿದರೆ ಕಡಿಮೆ ದರ, ಬಾಡಿಗೆಗೆ ಓಡಿದರೆ ಮೂರು ಪಟ್ಟು. ಹಸಿರು ಬೋರ್ಡಿನ ಮೇಲೆ ಬಿಳಿ ಅಕ್ಷರವಿದ್ದರೆ ಸ್ವಂತದ ಕಾರು, ಹಳದಿ ಅಕ್ಷರವಿದ್ದರೆ ಬಾಡಿಗೆಯದು. ನಮ್ಮ ಜನ ಸುಮ್ಮನಿರುತ್ತಾರೆಯೇ? ಬಿಳಿ ಅಕ್ಷರದ ಕಾರುಗಳೇ ಮದುವೆ ಬಾಡಿಗೆಗೂ ಶಿರಡಿ ಯಾತ್ರೆಗೂ ಓಡತೊಡಗಿದವು. ಅದನ್ನು ಹಿಡಿಯಲು ಬಂದದ್ದು ಕೈಗುರುತು.

ಸ್ಟಿಯರಿಂಗ್ ಹಿಡಿಯುವ ರೀತಿ, ತಿರುವಿನ ನಂತರ ಅದನ್ನು ಅಂಗೈಯಲ್ಲಿ ಜಾರಲು ಬಿಡುವ ರೀತಿ, ಹಂಪ್ ಕಂಡಾಗ ಕಾಲು ಎಷ್ಟು ಮುಂಚೆ ಬ್ರೇಕಿಗೆ ಹೋಗುತ್ತದೆ ಎಂಬುದು, ಇವೆಲ್ಲ ಒಬ್ಬೊಬ್ಬರಿಗೆ ಒಂದೊಂದು ಬಗೆ. ಕತ್ತಲಲ್ಲೂ ನಡಿಗೆಯ ಸಪ್ಪಳದಿಂದ ಮನೆಯವರನ್ನು ಗುರುತಿಸುತ್ತೇವಲ್ಲ, ಹಾಗೆ. ಕಾರಿನೊಳಗೆ ಸೀಲು ಹಾಕಿ ಕೂರಿಸಿದ ಮೀಟರು ಅರ್ಧ ಕಿಲೋಮೀಟರು ಓಡುವಷ್ಟರಲ್ಲಿ ಓಡಿಸುತ್ತಿರುವವರು ಯಾರೆಂದು ಹೇಳಿಬಿಡುತ್ತದೆ. ನೋಂದಣಿಯ ದಿನ ಮಾಲೀಕ ಪರೀಕ್ಷಾ ಮೈದಾನದಲ್ಲಿ ಒಂದು ಸುತ್ತು ಹೊಡೆದರೆ ಅವನ ಕೈಗುರುತು ದಾಖಲಾಗುತ್ತದೆ. ಒಂದಿಷ್ಟು ಹೆಚ್ಚು ಶುಲ್ಕ ಕಟ್ಟಿ ಮನೆಯ ಇನ್ನಿಬ್ಬರ ಕೈಯನ್ನೂ ಸೇರಿಸಬಹುದು. ಆದರೆ ಒಂದು ಕೈಗೆ ಒಂದೇ ಹೆಸರು. ಹೆಸರಿನವರು ಸತ್ತರೆ ಆ ಕೈಯೂ ಸತ್ತಂತೆ, ಮತ್ತೆ ಯಾರಿಗೂ ಕೊಡುವಂತಿಲ್ಲ. ಕಳ್ಳತನ ತಡೆಯಲು ಈ ಕೊನೆಯ ನಿಯಮ ಬೇಕೇ ಬೇಕು ಎಂದು ಸಭೆಯಲ್ಲಿ ಮೇಜು ಕುಟ್ಟಿ ವಾದಿಸಿದವನು ನಾನೇ.

ಮೂರು ದಿನ ಆ ಬೂದು ಚುಕ್ಕೆಯನ್ನು ನೋಡಿದೆವು. ಬೆಳಿಗ್ಗೆ ಒಂಬತ್ತಕ್ಕೆ ಹೊರಡುತ್ತದೆ, ಹದಿನಾಲ್ಕು ಕಡೆ ನಿಲ್ಲುತ್ತದೆ, ಒಂದೂವರೆಗೆ ಮನೆ ಸೇರುತ್ತದೆ. ಕೈಗುರುತು ನೂರಕ್ಕೆ ತೊಂಬತ್ತೆಂಟು ಪಾಲು ವಿರೂಪಾಕ್ಷಪ್ಪನವರದೇ. ಅವರ ಮರಣ ಪ್ರಮಾಣಪತ್ರವೂ ಸುಳ್ಳಲ್ಲ. ಹೃದಯಾಘಾತ, ಐವತ್ತಾರು ವರ್ಷ, ಅಂತ್ಯಕ್ರಿಯೆಗೆ ಅವರು ಕೆಲಸ ಮಾಡುತ್ತಿದ್ದ ಸಹಕಾರಿ ಸೊಸೈಟಿಯ ಅಧ್ಯಕ್ಷರೇ ಬಂದಿದ್ದರಂತೆ. ಆ ಚುಕ್ಕೆ ಓಡುವಷ್ಟು ಹೊತ್ತು ರೇಷ್ಮಾ ಮಾತು ನಿಲ್ಲಿಸಿಬಿಡುತ್ತಿದ್ದಳು. ಆಚೆ ಮೇಜಿನ ಹಿರಿಯ ಗುಮಾಸ್ತರು ಅಗರಬತ್ತಿ ಹಚ್ಚಿದರು, ಬೆಂಕಿಯ ಅಲಾರಂ ಹೊಡೆದುಕೊಂಡಿತು. ನಾನು ಅವರ ಮೇಲೆ ಹರಿಹಾಯ್ದೆ. ಆದರೆ ಆಮೇಲೆ ನಾನೂ ಆ ಪರದೆಗೆ ಬೆನ್ನು ಹಾಕಿ ಕೂರಲಿಲ್ಲ.

ಹಳೆಯ ದಾಖಲೆ ತೆಗೆದೆ. ಹನ್ನೊಂದು ವರ್ಷಗಳ ಓಡಾಟ. ಅದರಲ್ಲೊಂದು ವಿಚಿತ್ರ ಕಂಡಿತು. ಕುಂದಗೋಳ, ಸಂಶಿ, ಅಣ್ಣಿಗೇರಿ, ನಲವಡಿ, ಎಲ್ಲಿಗೆ ಹೋದರೂ ಊರು ನೂರಿನ್ನೂರು ಮಾರು ದೂರ ಇರುವಾಗ ಕಾರು ಎರಡು ನಿಮಿಷ ನಿಲ್ಲುತ್ತಿತ್ತು. ಊರು ಬಿಟ್ಟ ಮೇಲೆ ಅಷ್ಟೇ ದೂರದಲ್ಲಿ ಮತ್ತೆ ಎರಡು ನಿಮಿಷ. ಹನ್ನೊಂದು ವರ್ಷವೂ ಹಾಗೆಯೇ. ನನಗೆ ತಲೆಬುಡ ತಿಳಿಯಲಿಲ್ಲ. ಮರಣದ ಪಟ್ಟಿ ಬಂದ ಮೇಲೆ ಸತ್ತವರ ಕಾರಿಗೆ ಒಂದು ವಾರದ ಗಡುವು; ಇನ್ನು ನಾಲ್ಕು ದಿನದಲ್ಲಿ ವಾರಸುದಾರರ ಹೆಸರಿಗೆ ಮಾಡಿಸದಿದ್ದರೆ ಅದು ತಾನಾಗಿ ನಿಲ್ಲುತ್ತದೆ. ಅಷ್ಟರೊಳಗೆ ನೋಡಿಬರೋಣ ಎಂದು ಅವರ ಮನೆಗೆ ಹೊರಟೆ.

ಓಣಿಯ ತಿರುವಿನಲ್ಲೇ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಪಡಸಾಲೆಯಲ್ಲಿ ಇಬ್ಬರು ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಿದ್ದರು. ಒಬ್ಬಾಕೆ ಖಡಕ್ ರೊಟ್ಟಿಗಳನ್ನು ಇಪ್ಪತ್ತೈದರಂತೆ ಎಣಿಸಿ ಡಬ್ಬಿಗೆ ತುಂಬುತ್ತಿದ್ದರು. ಅವರೇ ಸುವರ್ಣಾ ಅಣ್ಣಿಗೇರಿ, ದಿವಂಗತರ ಹೆಂಡತಿ. ನಲವತ್ತೆಂಟರ ಹೆಂಗಸು, ಹಣೆಗೆ ವಿಭೂತಿ. ಗೋಡೆಯ ಮೇಲೆ ಗಂಡನ ಫೋಟೊ, ಹೂವಿನ ಹಾರ.

"ಈ ಗಾಡಿ ಯಾರು ಓಡಸ್ತಾರ್ರೀ?" ಎಂದು ಕೇಳಿದೆ.

"ನಮ್ಮ ಅಣ್ಣನ ಮಗಾ ಓಡಸ್ತಾನ್ರಿ." ಡಬ್ಬಿಯಿಂದ ಕಣ್ಣೆತ್ತಲಿಲ್ಲ.

"ಅವನ್ನ ಕರೀರಿ."

"ಊರಿಗೆ ಹೋಗ್ಯಾನ್ರಿ."

"ಇವತ್ತ ಮುಂಜಾನೆನೂ ಗಾಡಿ ಧಾರವಾಡಕ್ಕ ಹೋಗಿ ಬಂದೇತಲ್ರಿ ಅಕ್ಕಾರ?"

ರೊಟ್ಟಿಯ ಸದ್ದು ನಿಂತಿತು. ಸುವರ್ಣಾ ಅವರು ಕೈ ಒರೆಸಿಕೊಂಡರು. "ಹದಿನಾಲ್ಕು ಖಾನಾವಳಿಗೆ ರೊಟ್ಟಿ ಹಾಕತೀನ್ರಿ ಸಾಹೇಬ್ರ. ಗಾಡಿ ನಿಂತ್ರ ಈ ಒಲಿನೂ ನಿಂತ್ಹಂಗ. ಏನ್ ಮಾಡಬೇಕು ಹೇಳ್ರಿ" ಎಂದರು.

ನಾನು ಸರಳವಾಗಿ ಹೇಳಿದೆ. ಪತ್ನಿ ಎಂಬ ನೆಲೆಯಲ್ಲಿ ಕಾರು ಅವರ ಹೆಸರಿಗೆ ಆಗುತ್ತದೆ. ಅರ್ಜಿ, ನೋಂದಣಿ ಶುಲ್ಕ, ಮತ್ತೆ ಅವರ ಕೈಗುರುತು. ಈಗಲೇ ಒಂದು ಸುತ್ತು ಓಡಿಸಿ ತೋರಿಸಿದರೆ ಅರ್ಧ ಕೆಲಸ ಇಲ್ಲಿಯೇ ಮುಗಿಯುತ್ತದೆ. ಅವರು ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿ, ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದರು. ನಾನು ಪಕ್ಕದ ಸೀಟಿನಲ್ಲಿ ಟ್ಯಾಬು ಹಿಡಿದು ಕುಳಿತೆ.

ಮೂವತ್ತು ವರ್ಷ ಡ್ರೈವಿಂಗ್ ಪರೀಕ್ಷೆ ಮಾಡಿದವನು ನಾನು, ಸಾವಿರಾರು ಜನರ ಪಕ್ಕದಲ್ಲಿ ಕುಳಿತು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೇನೆ. ಅಂಥ ಓಡಿಸುವಿಕೆಯನ್ನು ಮಾತ್ರ ಕಂಡಿರಲಿಲ್ಲ. ಆ ರಸ್ತೆಯಲ್ಲಿ ಗುಂಡಿಗಳಿವೆ ಎಂದು ಕಣ್ಣು ಹೇಳುತ್ತಿತ್ತು, ಬೆನ್ನಿಗೆ ತಿಳಿಯುತ್ತಿರಲಿಲ್ಲ. ಹಂಪ್ ಬಂದಾಗ ಕಾರು ತಾನೇ ಉಸಿರು ಬಿಗಿಹಿಡಿದು ದಾಟಿದಂತೆ ದಾಟಿತು. ಹಿಂದಿನ ಸೀಟಿನಲ್ಲಿದ್ದ ರೊಟ್ಟಿ ಡಬ್ಬಿಗಳು ಅಲುಗಾಡಲಿಲ್ಲ. ಅರ್ಧ ಕಿಲೋಮೀಟರು ಆಯಿತು. ಟ್ಯಾಬು ಸಣ್ಣಗೆ ಸದ್ದು ಮಾಡಿತು.

ವಿರೂಪಾಕ್ಷಪ್ಪ ಅಣ್ಣಿಗೇರಿ. ಹೊಂದಿಕೆ ಶೇಕಡಾ ತೊಂಬತ್ತೆಂಟು. ಸ್ಥಿತಿ: ಮೃತ.

ಮಧ್ಯಾಹ್ನ ಮೂರು ಗಂಟೆ. ಹೊರಗೆ ರಣ ಬಿಸಿಲು. ನಾನು ಪಕ್ಕಕ್ಕೆ ತಿರುಗಿ ನೋಡಲು ಹೆದರಿದೆ ಎಂದು ಹೇಳಿಕೊಳ್ಳಲು ಈಗ ನನಗೆ ನಾಚಿಕೆಯಿಲ್ಲ. ನೋಡಿದಾಗ ಅಲ್ಲಿದ್ದವರು ಸುವರ್ಣಾ ಅವರೇ, ಜೋಳದ ಹಿಟ್ಟು ಅಂಟಿದ ಬೆರಳುಗಳು, ಬಿಗಿದ ತುಟಿ. ಅವರೂ ಟ್ಯಾಬು ನೋಡಿದರು. ಕಾರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದರು.

"ಇದು ಅವರ ಕೈ ಅಲ್ರಿ" ಎಂದರು. "ಮೊದಲಿಂದ್ಲೂ ನಂದ."

ನಂತರ ಹೇಳಿದ್ದು ಹೆಚ್ಚೇನಲ್ಲ. ಗಂಡನಿಗೆ ಮೂರ್ಛೆರೋಗವಿತ್ತು. ವರ್ಷಕ್ಕೆ ಒಂದೆರಡು ಸಲ, ಯಾವಾಗ ಎಂದು ಹೇಳುವಂತಿಲ್ಲ. ಸಹಕಾರಿ ಸೊಸೈಟಿಯಲ್ಲಿ ಅವರದು ಹಳ್ಳಿ ಹಳ್ಳಿ ಸುತ್ತುವ ಕೆಲಸ, ಸ್ವಂತ ಕಾರು ಇದ್ದು ತಾನೇ ಓಡಿಸಬೇಕು, ಮೀಟರಿನ ಲೆಕ್ಕವೂ ಹಾಗೆಯೇ ತೋರಿಸಬೇಕು ಎಂಬುದು ಷರತ್ತು. ರೋಗ ಗೊತ್ತಾದರೆ ಕೆಲಸ ಹೋಗುತ್ತಿತ್ತು. ಸುವರ್ಣಾ ಅವರ ತಂದೆ ಗದಗಿನ ಲಾರಿ ಡ್ರೈವರು, ಮಗಳಿಗೆ ಹದಿನೆಂಟಕ್ಕೇ ಕಲಿಸಿದ್ದರು. ಹೀಗಾಗಿ ಹನ್ನೊಂದು ವರ್ಷ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇವರು ಓಡಿಸಿದರು. ಊರು ಹತ್ತಿರ ಬಂದಾಗ ಮರದ ಕೆಳಗೆ ನಿಲ್ಲಿಸಿ ಸೀಟು ಬದಲಾಯಿಸುತ್ತಿದ್ದರು. ಕೊನೆಯ ನೂರಿನ್ನೂರು ಮಾರು ಗಂಡ ಓಡಿಸಿ, ಜನರ ಕಣ್ಣೆದುರು ಡ್ರೈವರ್ ಸೀಟಿನಿಂದ ಇಳಿಯುತ್ತಿದ್ದರು. ಅಷ್ಟು ಸಣ್ಣ ದೂರವನ್ನು ಮೀಟರು ಲೆಕ್ಕಕ್ಕೇ ಹಿಡಿಯುವುದಿಲ್ಲ.

"ಅಂದ್ರ ನೋಂದಣಿ ದಿನ?" ಎಂದೆ. "ಮೈದಾನದಾಗ ಸುತ್ತು ಹೊಡದವ್ರು?"

"ನಾನ ರೀ. ಗೇಟ್ ಒಳಗ ಅವ್ರು ಓಡಿಸಿಕೋತ ಬಂದ್ರು. ಗೋದಾಮಿನ ಹಿಂದ ಬದಲಿ ಆದ್ವಿ. ಸುತ್ತು ಮುಗದ ಮ್ಯಾಲ ಮತ್ತ ಅಲ್ಲೇ ಬದಲಿ ಆದ್ವಿ." ನನ್ನ ಮುಖ ನೋಡಿದರು. "ಅವತ್ತ ನೀವ ಇದ್ರಿ ಸಾಹೇಬ್ರ. ಗೇಟಿನ ಕಡೆ ಚಾ ಕುಡಕೋತ ನಿಂತಿದ್ರಿ."

ಆ ದಿನಗಳು ನೆನಪಾದವು. ದಿನಕ್ಕೆ ಮುನ್ನೂರು ಕಾರು ಬರುತ್ತಿದ್ದವು. ಅಧಿಕಾರಿ ಕಾರಿನೊಳಗೆ ಕುಳಿತೇ ಪರೀಕ್ಷೆ ಮಾಡಬೇಕೆಂದು ನಾವೇ ಬರೆದಿದ್ದೆವು. ನಾವೇ ಗೇಟಿನಲ್ಲಿ ನಿಂತು "ಒಂದು ಸುತ್ತು ಹೊಡ್ಕೊಂಡ್ ಬರ್ರಿ" ಎಂದು ಕೈ ಬೀಸಿ ಕಳಿಸುತ್ತಿದ್ದೆವು. ನಂತರ "ನನ್ನ ಸಮಕ್ಷಮ ಮಾಲೀಕರು ಓಡಿಸಿದ್ದಾರೆ" ಎಂಬ ಕಾಗದಕ್ಕೆ ಸಹಿ. ಆ ಸಹಿ ನನ್ನದು. ನನಗೆ ನಿವೃತ್ತಿಗೆ ಏಳು ತಿಂಗಳಿತ್ತು.

ಅವರ ಮುಂದಿದ್ದ ದಾರಿ ನೇರವಾಗಿತ್ತು. ನಿಜ ಬರೆದು ಅಫಿಡವಿಟ್ ಕೊಟ್ಟರೆ ದಾಖಲೆ ತಿದ್ದುಪಡಿಯಾಗಿ ಕೈಗುರುತು ಅವರ ಹೆಸರಿಗೆ ಬರುತ್ತದೆ. ಆದರೆ ತಿದ್ದುಪಡಿಯ ಕಾರಣವನ್ನು ಹೇಳಿ ಪತ್ರಿಕೆಯಲ್ಲಿ ಮೂವತ್ತು ದಿನದ ಪ್ರಕಟಣೆ ಕೊಡಬೇಕು. ಗಂಡನ ಮೂರ್ಛೆರೋಗವೂ ಅದರಲ್ಲಿ ಅಚ್ಚಾಗುತ್ತದೆ. ಮಗಳು ದಾನೇಶ್ವರಿಗೆ ಬಾಗಲಕೋಟೆಯಲ್ಲಿ ಸಂಬಂಧ ಗೊತ್ತಾಗಿತ್ತು, ತಂದೆಯ ಸಾವಿನಿಂದ ಮದುವೆ ಮುಂದಕ್ಕೆ ಹೋಗಿತ್ತು ಅಷ್ಟೇ.

"ಅಪ್ಪಗ ಇದ್ದಿದ್ದು ಮಗಳಿಗೂ ಬರತೈತಿ ಅಂತಾರ್ರಿ ಜನ" ಎಂದರು ಸುವರ್ಣಾ. "ಮದವಿ ಮುರೀತೈತಿ. ಅದೂ ಹೋಗ್ಲಿ. ಸಾಯೂತನಕ ಅವ್ರು ಮುಚ್ಚಿಟ್ಟಿದ್ದನ್ನ ಸತ್ತ ಮ್ಯಾಲ ನಾನ ಪೇಪರಿನ್ಯಾಗ ಹಾಕಸ್ಲೇನ್ರಿ? ಬ್ಯಾಡ."

ಹಾಗಾದರೆ ಅವರು ಇನ್ನು ಯಾವ ಕಾರನ್ನೂ ಓಡಿಸುವಂತಿರಲಿಲ್ಲ. ಯಾವ ಕಾರಿನಲ್ಲಿ ಕುಳಿತರೂ ಮೀಟರು ಸತ್ತವರ ಕೈ ಎಂದು ಗುರುತಿಸಿ ನಿಲ್ಲಿಸುತ್ತದೆ.

ಆಗ ನಾನು ಹೇಳಿದ ಮಾತನ್ನು ಇಂದಿಗೂ ನನಗೆ ಕ್ಷಮಿಸಿಕೊಳ್ಳಲಾಗಿಲ್ಲ. ಕರುಣೆಯಿಂದ ಹೇಳಿದೆ ಎಂದು ಅವರು ನಂಬಿದರು. ಅರ್ಧ ಕರುಣೆ ಇತ್ತು. ಉಳಿದರ್ಧ ನನ್ನ ಆ ಸಹಿಯ ಭಯ.

"ಇನ್ನೊಂದು ದಾರಿ ಐತ್ರಿ ಅಕ್ಕಾರ. ಕೈ ಬದಲಿ ಮಾಡ್ಕೋರಿ. ಬ್ಯಾರೆ ಥರಾ ಓಡಸೋದು ಕಲೀರಿ. ಮಷೀನಿಗೆ ಹೊಸಬರು ಅನಸ್ಬೇಕು."

ಅವರು ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. "ರೊಟ್ಟಿ ಬಡಿಯೋದೂ ಮರೀಬೇಕೇನ್ರಿ?" ಎಂದರು. ನಗುತ್ತಾರೆಂದುಕೊಂಡೆ, ನಗಲಿಲ್ಲ.

ಹದಿನೈದು ದಿನದ ತರಬೇತಿ ಪರವಾನಗಿ ಬರೆದುಕೊಟ್ಟೆ. ಅಷ್ಟು ದಿನ ಕಾರು ಪರೀಕ್ಷಾ ಮೈದಾನದೊಳಗೆ ಮಾತ್ರ. ರೊಟ್ಟಿ ಡಬ್ಬಿಗಳು ಆಟೊದಲ್ಲಿ ಹೋದವು, ಬಾಡಿಗೆ ಕೊಟ್ಟ ಮೇಲೆ ಏನೂ ಉಳಿಯುತ್ತಿರಲಿಲ್ಲ. ರೊಟ್ಟಿಗಳು ಅರ್ಧಕ್ಕರ್ಧ ಮುರಿದು ತಲುಪುತ್ತಿದ್ದವು. ನಾನು ದಿನಾ ಬೆಳಿಗ್ಗೆ ಹೋಗಿ, ಮೀಟರು ಏನೇನನ್ನು ನೋಡುತ್ತದೆ ಎಂಬ ಇಲಾಖೆಯ ಗುಟ್ಟನ್ನೆಲ್ಲ ಅವರಿಗೆ ಬಿಚ್ಚಿಟ್ಟೆ. ಬ್ರೇಕನ್ನು ತಡವಾಗಿ ತುಳಿಯಿರಿ. ಸ್ಟಿಯರಿಂಗನ್ನು ಜಾರಲು ಬಿಡಬೇಡಿ, ಎಳೆಯಿರಿ. ದಪ್ಪ ಅಟ್ಟೆಯ ಬೂಟು ಹಾಕಿಕೊಳ್ಳಿ. ಇಡೀ ಜೀವಮಾನ ಜನರಿಗೆ ಚೆನ್ನಾಗಿ ಓಡಿಸಲು ಹೇಳಿದವನು, ಆ ಹದಿನೈದು ದಿನ ಒಬ್ಬ ಹೆಂಗಸಿಗೆ ಕೆಟ್ಟದಾಗಿ ಓಡಿಸಲು ಕಲಿಸಿದೆ.

ತೊಂಬತ್ತೆಂಟು ತೊಂಬತ್ತಕ್ಕಿಳಿಯಿತು, ಎಪ್ಪತ್ತೆಂಟಕ್ಕಿಳಿಯಿತು. ಹೊಸ ಕೈ ಎನಿಸಿಕೊಳ್ಳಲು ನಲವತ್ತರ ಕೆಳಗೆ ಬರಬೇಕು. ಆರನೆಯ ದಿನ ಐವತ್ತೈದು ಬಂತೆಂದು ನಾನು ಹಿಗ್ಗುತ್ತಿದ್ದಾಗ ಬೇಲಿ ಮುರಿದುಕೊಂಡು ಎಮ್ಮೆಯೊಂದು ಅಡ್ಡ ಬಂತು. ಕಾರು ನೀರಿನ ಹಾಗೆ ಅದನ್ನು ಬಳಸಿಕೊಂಡು ನಿಂತಿತು. ಟ್ಯಾಬಿನಲ್ಲಿ ಮತ್ತೆ ವಿರೂಪಾಕ್ಷಪ್ಪ, ತೊಂಬತ್ತೆಂಟು, ಮೃತ.

"ನಾ ಹೇಳೋಕಿಂತ ಮೊದಲ ಕೈ ತಾನ ಮಾಡತೈತ್ರಿ" ಎಂದು ಸ್ಟಿಯರಿಂಗಿಗೆ ಹಣೆ ಒತ್ತಿ ಅತ್ತರು. ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲವೆಂದು ಮಗಳು ನನಗೆ ಆಮೇಲೆ ಹೇಳಿದಳು.

ಹದಿನಾಲ್ಕನೆಯ ದಿನವೂ ಐವತ್ತರ ಕೆಳಗೆ ಹೋಗಲಿಲ್ಲ. ಕೇಂದ್ರಕ್ಕೆ ಬಂದು ಕುಳಿತರೆ ರೇಷ್ಮಾ, "ಸರ್, ಆ ಸತ್ತವ್ರ ಚುಕ್ಕಿ ಈಗ ಮೈದಾನದಾಗ ಗರಗರ ತಿರಗ್ತೇತಿ. ಹೊರಗ ಬರಾಕ ದಾರಿ ಸಿಗವಲ್ದೇನೋ" ಎಂದಳು. ಅವಳಿಗೆ ನಾನೇನೂ ಹೇಳಿರಲಿಲ್ಲ. ಪರದೆಯ ಮೇಲೆ ಆ ಬೂದು ಚುಕ್ಕೆ ಸುತ್ತುತ್ತಲೇ ಇತ್ತು, ಒಂಟಿಯಾಗಿ ಅಭ್ಯಾಸ ಮಾಡುತ್ತಿದ್ದರು.

ಕೊನೆಯ ದಿನ ನಾನು ಹೋಗುವಷ್ಟರಲ್ಲಿ ಸುವರ್ಣಾ ಅವರು ಕಾರಿನಲ್ಲಿ ಕುಳಿತಿದ್ದರು. ಬೂಟು ಬಿಚ್ಚಿ ಆಚೆ ಇಟ್ಟಿದ್ದರು. "ಹತ್ತ್ರಿ" ಎಂದರು.

ಕಾರು ಹೊರಟ ರೀತಿಗೇ ನಾನು ಬಾಗಿಲಿನ ಹಿಡಿ ಹಿಡಿದುಕೊಂಡೆ. ಅವರು ಮುಂದಕ್ಕೆ ಬಾಗಿ ಎದೆಗೆ ತಾಗುವಷ್ಟು ಹತ್ತಿರದಿಂದ ಸ್ಟಿಯರಿಂಗನ್ನು ತಬ್ಬಿಕೊಂಡಿದ್ದರು. ಭುಜಗಳು ಕಿವಿಯವರೆಗೆ ಏರಿದ್ದವು. ಹಂಪ್ ಇನ್ನೂ ಇಪ್ಪತ್ತು ಮಾರು ಇರುವಾಗಲೇ ಬ್ರೇಕು, ಬಿಟ್ಟು ಮತ್ತೆ ಬ್ರೇಕು. ತಿರುವಿನಲ್ಲಿ ಒಂದು ಸಲ ಎಳೆದು, ನಿಂತು, ಮತ್ತೆ ಎಳೆಯುವುದು. ಹಣೆಯಲ್ಲಿ ಬೆವರು. ತುಟಿಗಳು ಏನನ್ನೋ ಜಪಿಸುತ್ತಿದ್ದವು. ನಾಟಕ ಮಾಡುತ್ತಿದ್ದಂತೆ ಇರಲಿಲ್ಲ, ನಿಜವಾಗಿಯೂ ಹೆದರಿದ ಮನುಷ್ಯನೊಬ್ಬ ನನ್ನ ಪಕ್ಕದಲ್ಲಿ ಕುಳಿತು ಓಡಿಸುತ್ತಿದ್ದ.

ಟ್ಯಾಬು ಸದ್ದು ಮಾಡಿತು. ಯಾವ ದಾಖಲೆಗೂ ಹೊಂದಿಕೆಯಿಲ್ಲ. ಹೊಸ ಕೈ.

"ಇದನ್ನ ಎಲ್ಲಿ ಕಲತ್ರಿ?" ಎಂದೆ.

"ಹಿಂಗ ಓಡಸ್ತಿದ್ರು ರೀ ಅವ್ರು" ಎಂದರು. "ಊರೊಳಗ ಹೋಗೋ ಅಷ್ಟ ದೂರ. ಅಷ್ಟರಾಗ ಏನರ ಆದ್ರ ಅಂತ ಹೆದರಿ ಬೆವತ್ ಬಿಡ್ತಿದ್ರು. ನಾನೂ ಉಸಿರು ಹಿಡದು ಅವರ ಕೈನ ನೋಡ್ಕೋತ ಕೂಡತಿದ್ದೆ. ಹನ್ನೊಂದ ವರ್ಷ ನೋಡೇನಿ. ನಿನ್ನೆ ರಾತ್ರಿ ಹೊಳೀತು, ಬ್ಯಾರೆ ಕೈ ಅಂದ್ರ ನನಗ ಗೊತ್ತಿದ್ದದ್ದು ಅದೊಂದ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮೀಟರು ಎಂದೂ ದಾಖಲಿಸದಿದ್ದ ವಿರೂಪಾಕ್ಷಪ್ಪನವರ ನಿಜವಾದ ಕೈ ಇದು. ಅದೀಗ ಸುವರ್ಣಾ ಎಂಬ ಹೆಸರಿನಲ್ಲಿ ನೋಂದಣಿಯಾಗುತ್ತದೆ. ಸುವರ್ಣಾ ಅವರ ಕೈ ವಿರೂಪಾಕ್ಷಪ್ಪ ಎಂಬ ಹೆಸರಿನಲ್ಲಿ ಮುಚ್ಚಿಹೋಗುತ್ತದೆ. ಗಂಡ ಹೆಂಡತಿ ಇನ್ನೊಮ್ಮೆ ಸೀಟು ಬದಲಾಯಿಸಿಕೊಂಡಿದ್ದರು. ಈ ಸಲ ಊರು ದಾಟಿದ ಮೇಲೆ ಮತ್ತೆ ಬದಲಾಯಿಸಿಕೊಳ್ಳುವಂತಿರಲಿಲ್ಲ. ಇನ್ನು ಸಾಯುವವರೆಗೆ ಆಕೆ ಬೆವರುತ್ತ, ಹೆದರುತ್ತ, ಸತ್ತ ಗಂಡನ ಕೈಯಲ್ಲಿ ಖಾನಾವಳಿಗಳಿಗೆ ರೊಟ್ಟಿ ಹಾಕಬೇಕು. ಎಲ್ಲಾದರೂ ಮೈಮರೆತು ತನ್ನಂತೆ ಓಡಿಸಿದರೆ ಕಾರು ನಿಲ್ಲುತ್ತದೆ.

ಈಗಲಾದರೂ ಬೇಡವೆನ್ನಬೇಕಿತ್ತು. ಅಫಿಡವಿಟ್ ಬರೆಯಿರಿ, ತಪ್ಪು ನನ್ನದೆಂದು ನಾನೂ ಬರೆಯುತ್ತೇನೆ ಎನ್ನಬೇಕಿತ್ತು. ಹೇಳಲಿಲ್ಲ. ಹೇಡಿಯಾಗಿದ್ದೆ. ಕೇಂದ್ರಕ್ಕೆ ಕರೆದುಕೊಂಡು ಹೋಗಿ ಕಾರ್ಡು ಮುದ್ರಿಸಿದೆ.

ಒಂದು ಕಾಗದ ಉಳಿದಿತ್ತು. ಮೃತರ ಕೈಗುರುತನ್ನು ಶಾಶ್ವತವಾಗಿ ಮುಚ್ಚುವ ನಮೂನೆ, ಅದರ ಕೊನೆಯಲ್ಲಿ ವಾರಸುದಾರರ ಸಹಿ. "ಮೇಲ್ಕಂಡ ಕೈಗುರುತಿನ ವ್ಯಕ್ತಿ ಮರಣ ಹೊಂದಿರುವುದು ನಿಜವೆಂದು ದೃಢೀಕರಿಸುತ್ತೇನೆ." ಆ ವಾಕ್ಯವೂ ನಾನೇ ಬರೆದದ್ದು. ನಿಯಮದಂತೆ ದಾಖಲೆಯನ್ನು ಓದಿ ಹೇಳಬೇಕು. ರೇಷ್ಮಾ ಎದುರಿಗಿದ್ದಳು, ಓದಿದೆ. ಓಡಿಸಿದ ಅವಧಿ ಹನ್ನೊಂದು ವರ್ಷ. ಓಡಿದ ದೂರ ಎರಡು ಲಕ್ಷ ಹನ್ನೆರಡು ಸಾವಿರ ಕಿಲೋಮೀಟರು. ಅಪಘಾತ ಇಲ್ಲ. ಮಿತಿಮೀರಿದ ವೇಗ ಇಲ್ಲ. ದಂಡ ಇಲ್ಲ.

"ಯಪ್ಪಾ, ಒಂದೂ ಇಲ್ಲೇನ್ರಿ?" ಎಂದಳು ರೇಷ್ಮಾ. "ಇಂಥಾ ರೆಕಾರ್ಡ್ ನಾ ನೋಡೇ ಇಲ್ಲ."

ಸುವರ್ಣಾ ಅವರು ಬಗ್ಗಿ ಸಹಿ ಮಾಡಿದರು. ತಮ್ಮ ಹೆಸರಿನ ಪ್ರತಿ ಅಕ್ಷರವನ್ನೂ ನಿಧಾನವಾಗಿ ಬರೆದರು. ಪರದೆಯ ಮೇಲೆ ಬೂದು ಚುಕ್ಕೆ ಆರಿತು. ಅದು ಆರಿದ ಜಾಗವನ್ನು ಅವರು ಸ್ವಲ್ಪ ಹೊತ್ತು ನೋಡುತ್ತ ನಿಂತು, ರೇಷ್ಮಾಳ ಕಡೆ ತಿರುಗಿದರು.

"ಹೌದವಾ" ಎಂದರು. "ಭಾಳ ಛಲೋ ಓಡಸ್ತಿದ್ರು ನಮ್ಮನಿಯವ್ರು."

ಪೆನ್ನನ್ನು ನನ್ನ ಕೈಗೆ ಕೊಟ್ಟು ಮೆಟ್ಟಿಲಿಳಿದು ಹೋದರು.